ಉಪ್ಪು ಕಡಿಮಿ ಹಾಕ್ರಿ

14 ನವೆಂಬರ್, ಗುರುವಾರ. ಸಿರುಗುಪ್ಪ.

ನಿನ್ನೆ ಪಕ್ಕದ ಮನೆಯ ಇರ್ಫಾನಾಳ ಅಪ್ಪ ಹಸನಸಾಬ್ ತೀರಿಕೊಂಡರು. ಅವರಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲವಂತೆ, ಅಕ್ಕಪಕ್ಕದವರೇ ಊಟ ಕೊಡಬೇಕಂತೆ. ಏನು ಒಯ್ಯಲಿ? ನಾವು ಲಿಂಗಾಯತರು, ಈ ಓಣಿಗೆ ಹೊಸಬರು. ನಮ್ಮ ಕೈಯಡುಗೆ ನಡೆಯುತ್ತದೋ ಇಲ್ಲವೋ.

ಅವರನ್ನೇ ಕೇಳಲು ಸಂಕೋಚವಾಗಿ, ಊರಿನ ಫೇಸ್‌ಬುಕ್ ಗ್ರೂಪಿನಲ್ಲಿ ಹೆಸರು ಮುಚ್ಚಿಟ್ಟು ಇದನ್ನೆಲ್ಲ ಬರೆದು ಕೇಳಿದೆ. ಬಂದ ಉತ್ತರಗಳೋ! ಒಬ್ಬ ಬಿರಿಯಾನಿ ಅಂಗಡಿಯ ನಂಬರ್ ಕೊಟ್ಟ. ಇನ್ನಿಬ್ಬರು ಧರ್ಮ ಹಿಡಿದು ಜಗಳಕ್ಕೆ ಬಿದ್ದರು. ಮೈ ಉರಿಯಿತು. ಪ್ರಶ್ನೆಯನ್ನೇ ಅಳಿಸಬೇಕು ಅನ್ನುವಷ್ಟರಲ್ಲಿ, ನನ್ನಂತೆಯೇ ಹೆಸರು ಮುಚ್ಚಿಟ್ಟ ಯಾರೋ ಬರೆದರು: “ಅನ್ನ ಸಾರು ಸಾಕ್ರಿ. ಉಪ್ಪು ಕಡಿಮಿ ಹಾಕ್ರಿ.”

ಹಾಗೇ ಮಾಡಿ ಒಯ್ದೆ. ಬಾಗಿಲಿಗೆ ಬಂದ ಇರ್ಫಾನಾಳ ಕಣ್ಣು ಅತ್ತು ಅತ್ತು ಬಾತಿದ್ದವು. ಡಬ್ಬಿ ತೆಗೆದುಕೊಂಡು ಮೆಲ್ಲಗೆ ಕೇಳಿದಳು: “ಅಕ್ಕಾ, ಉಪ್ಪು ಕಡಿಮಿ ಹಾಕೀರಿಲ್ರಿ? ನಮ್ಮ ಅಮ್ಮಿಗೆ ಬಿಪಿ ಐತ್ರಿ.”

ಗ್ರೂಪಿನಲ್ಲಿ ಓದಿದ್ದೂ ಇದೇ ಮಾತು. ಹೌದೆಂದು ತಲೆಯಾಡಿಸಿ ಬಂದೆ.

ನಾಳೆ ಏನು ಮಾಡಲಿ ಎಂದು ಅವಳನ್ನೇ ಕೇಳಬೇಕು. ಇವತ್ತು ನಾನು ಊರನ್ನೆಲ್ಲ ಕೇಳುತ್ತ ಕೂತಿದ್ದೆ. ಅವಳು ಗೋಡೆಯಾಚೆ, ಅಪ್ಪನನ್ನು ಕಳೆದುಕೊಂಡು, ಹಸಿದ ಹೊಟ್ಟೆಯಲ್ಲಿ, ನನಗೆ ಧೈರ್ಯ ಹೇಳುತ್ತಿದ್ದಳು.