ಅತ್ತೆ ತಿದ್ದಿದ ಏಪ್ರನ್

ಇಳಕಲ್ಲ, ೧೫ ನವೆಂಬರ್ ೧೯೭೯, ಗುರುವಾರ

ನಾನೆಂಥ ದಡ್ಡಿ! ಸೆರಗಿನಿಂದ ಸಾರಿನ ಪಾತ್ರೆ ಇಳಿಸಲು ಹೋಗಿ ಸ್ಟೋವಿನ ಉರಿಯನ್ನು ಸೀರೆಗೆ ಹತ್ತಿಸಿಕೊಂಡು ಹದಿನೈದು ದಿನವಾಯಿತು. ಕೈಯ ಬೊಬ್ಬೆ ಮಾಯ್ದರೂ ಉರಿಯ ಮುಂದೆ ನಿಂತರೆ ಕೈ ನಡುಗುತ್ತದೆ. ಅದಕ್ಕೇ ಮಾಸಪತ್ರಿಕೆಯಲ್ಲಿ ನೋಡಿ ಏಪ್ರನ್ ಹೊಲಿದೆ. ಸೌಟು ಸಿಗಿಸಲು ಕುಣಿಕೆ, ಕೈ ಒರೆಸುವ ಬಟ್ಟೆಗೆ ಕಿಸೆ, ಎಲ್ಲ ಇಟ್ಟೆ. ಬೆಳಿಗ್ಗೆ ಹಾಕಿಕೊಳ್ಳುವಾಗ ಕೊರಳ ಪಟ್ಟಿ ತಲೆಯ ಮೇಲಿಂದ ಇಳಿಯಿತು, ಜೊತೆಗೆ ತಲೆಯ ಮೇಲಿನ ಸೆರಗೂ ಜಾರಿತು. ಎದುರಿಗೇ ಮಾವ ಚಹಾಕ್ಕೆ ಕೂತಿದ್ದರು. ನಾಚಿಕೆಯಾಗಿ ಏಪ್ರನ್ನನ್ನು ಮೂಲೆಗೆ ಎಸೆದೆ.

ಮಧ್ಯಾಹ್ನ ನೋಡಿದರೆ ಅತ್ತೆ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾರೆ. ಅವರ ಕಣ್ಣಿಗೆ ಪೊರೆ ಬಂದು ವರ್ಷವಾಯಿತು. ಜೀವಮಾನವಿಡೀ ಕೌದಿ ಹೊಲಿದ ಆ ಬೆರಳುಗಳೇ ಬಟ್ಟೆಯನ್ನು ನೋಡುತ್ತಿದ್ದವು. ಕೊರಳ ಪಟ್ಟಿಯನ್ನು ನಡುವೆ ಕತ್ತರಿಸಿ, ಎರಡೂ ತುದಿಗಳನ್ನು ಸೆರಗಿನ ಒಳಗಿಂದ ಹಿಂದೆ ಕಟ್ಟುವ ಹಾಗೆ ಮಾಡಿದರು. ಆ ಹೊಲಿಗೆ! ನನ್ನ ಮಿಷಿನ್ನಿಗೂ ಅಷ್ಟು ನೆಟ್ಟಗೆ ಬರುವುದಿಲ್ಲ.

ಆಮೇಲೆ ಸೊಂಟದ ಹತ್ತಿರ ನಾಲ್ಕು ಮಡಿಕೆಯ ಬಟ್ಟೆಯೊಂದನ್ನು ಇಳಿಬಿಟ್ಟರು, ಬಿಸಿ ಪಾತ್ರೆ ಹಿಡಿಯಲು. ಅದು ನನ್ನ ಸುಟ್ಟ ಸೀರೆಯ ತುಂಡು!

“ಸುಟ್ಟ ಸೀರಿ ಯಾಕ್ರಿ ಅತ್ತಿ?” ಎಂದೆ.

“ಒಮ್ಮಿ ಬೆಂಕಿ ನೋಡೇತಿ ಯವ್ವಾ. ಇನ್ನ ಅಂಜೂದಿಲ್ಲ ಅದು.”

ಸಂಜೆ ಅದರಿಂದಲೇ ಸಾರಿನ ಪಾತ್ರೆ ಇಳಿಸಿದೆ. ಕೆಳಗಿಟ್ಟ ಮೇಲೆಯೇ ಗೊತ್ತಾಯಿತು, ಕೈ ನಡುಗಿರಲಿಲ್ಲ.