ಇಪ್ಪತ್ತಮೂರನೆಯ ಪುಟದ ತಪ್ಪು ನನ್ನದು

ವರ್ಗಾವಣೆ ಅರ್ಜಿಗಳನ್ನು ಪರಿಶೀಲಿಸುವ ವಿಶ್ವವಿದ್ಯಾಲಯದ ಅಧಿಕಾರಿಗಳಿಗೆ,

ಮಾನ್ಯರೇ, ನನ್ನ ಪ್ರಯೋಗದ ಪುಸ್ತಕದಲ್ಲಿ ಒಂದೂ ತಪ್ಪಿಲ್ಲವೆಂಬ ಕಾರಣಕ್ಕೆ ನೀವು ನನ್ನ ಕಮ್ಯುನಿಟಿ ಕಾಲೇಜಿನ ಭೌತಶಾಸ್ತ್ರದ ಎಂಟು ಕ್ರೆಡಿಟ್‌ಗಳನ್ನು ತಿರಸ್ಕರಿಸಿದ್ದೀರಿ. ‘ಇದು ಪ್ರಯೋಗ ನಡೆಯುವಾಗ ಬರೆದದ್ದಲ್ಲ, ಆಮೇಲೆ ನಕಲು ಮಾಡಿದ್ದು’ ಎನ್ನುತ್ತದೆ ನಿಮ್ಮ ಮೂರು ಸಾಲಿನ ಪತ್ರ. ಅದೇ ಕಮ್ಯುನಿಟಿ ಕಾಲೇಜಿನಲ್ಲಿ, ಅದೇ ಮೇಜಿನಲ್ಲಿ ಎರಡು ಸೆಮಿಸ್ಟರ್ ನನ್ನ ಜೊತೆ ಪ್ರಯೋಗ ಮಾಡಿದ ಗಾರ್ಗಿಗೆ ಎಂಟೂ ಸಿಕ್ಕಿವೆ. ಇಂಗ್ಲಿಷಿನಲ್ಲಿ ನಿಮಗೆ ಮೂರು ಸಲ ಬರೆದೆ, ಉತ್ತರವಿಲ್ಲ. ಈಗ ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಓದದಿರುವುದಕ್ಕೆ ಈ ಸಲವಾದರೂ ನಿಮಗೊಂದು ಸಕಾರಣವಿರಲಿ.

ನನಗೆ ನಲವತ್ತೈದು. ಮಂಡ್ಯದಲ್ಲಿ ಪಿಯುಸಿ ಓದುವಾಗ ಭೌತಶಾಸ್ತ್ರವೇ ಜೀವ ಎಂದುಕೊಂಡಿದ್ದೆ. ಅಂಕಗಳು ಬೇರೆಯೇ ಹೇಳಿದವು. ಬಿ.ಕಾಂ. ಮಾಡಿದೆ, ಕಂಪ್ಯೂಟರ್ ಕಲಿತೆ, ಪ್ರೋಗ್ರಾಮುಗಳಲ್ಲಿನ ಎರಡು ಅಂಕಿಯ ವರ್ಷಗಳನ್ನು ನಾಲ್ಕು ಅಂಕಿಗೆ ತಿದ್ದಲು ಕ್ರ್ಯಾನ್‌ಬರಿಯ ಔಷಧ ಕಂಪನಿಗೆಂದು ಈ ದೇಶಕ್ಕೆ ಬಂದೆ. ಎರಡು ಸಾವಿರ ಇಸವಿ ಏನೂ ಮುರಿಯದೆ ಬಂತು. ಆ ವಾರವೇ ಸಂಜೆ ಕಾಲೇಜಿಗೆ ಸೇರಿದೆ. ಎಂಟು ಕ್ರೆಡಿಟ್ ಉಳಿದರೆ ನನ್ನ ಪದವಿಗೆ ಇನ್ನು ಎರಡು ವರ್ಷ, ಹೋದರೆ ಮೂರು. ಹಗಲಿನ ತರಗತಿಗೆ ಎರಡೇ ವರ್ಷ ಬಿಡುತ್ತೇನೆಂದು ನನ್ನ ಮ್ಯಾನೇಜರ್ ಬರೆದುಕೊಟ್ಟಿದ್ದಾರೆ. ಮೂರನೆಯದನ್ನು ಕೇಳುವ ಹಾಗಿಲ್ಲ. ನಿಮ್ಮ ಮೂರು ಸಾಲಿನ ತೂಕ ಇಷ್ಟು.

ನಕಲು ಎಂದಿರಿ. ಹೌದು, ನಕಲು. ನಮ್ಮಲ್ಲಿ ಪ್ರಯೋಗ ಮಾಡುವುದು ರಫ್ ಹಾಳೆಯಲ್ಲಿ. ಮನೆಗೆ ಹೋಗಿ ಅದನ್ನು ರೆಕಾರ್ಡ್ ಪುಸ್ತಕದಲ್ಲಿ ಚೊಕ್ಕಟವಾಗಿ ಬರೆಯಬೇಕು. ಒಂದು ಅಂಕಿ ಹೊಡೆದುಹಾಕಿದ್ದು ಕಂಡರೂ ನಮ್ಮ ಮೇಷ್ಟ್ರು ರೆಕಾರ್ಡನ್ನು ಕಿಟಕಿಯಿಂದ ಎಸೆಯುತ್ತಿದ್ದರು. ಇಲ್ಲಿ ಮೊದಲ ದಿನವೇ ಪ್ರೊಫೆಸರ್ ಹೇಳಿದರು: ಪೆನ್ನಿನಲ್ಲೇ ಬರೆಯಿರಿ, ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆಯಿರಿ. ಅದು ರಫ್‌ಗೆ ಹೇಳಿದ ಮಾತು ಎಂದುಕೊಂಡೆ. ಪ್ರತಿ ಭಾನುವಾರ ಊಟದ ಮೇಜಿನ ಮುಂದೆ ಕುಳಿತು ನಕಲು ಮಾಡುತ್ತಿದ್ದೆ. ನನ್ನ ಹೆಂಡತಿ ರಮಾಮಣಿ ಇಣುಕಿ, “ಏನ್ರೀ ಇದು, ಲಗ್ನಪತ್ರಿಕೆ ಬರ್ದಂಗ್ ಬರೀತಿದೀರಲ್ಲ? ಹುಡುಗಿ ಯಾರು?” ಎಂದು ರೇಗಿಸುತ್ತಿದ್ದಳು. ರಫ್ ಹಾಳೆಗಳನ್ನು ನಾನೇ ರೀಸೈಕ್ಲಿಂಗ್ ಡಬ್ಬಿಗೆ ಹಾಕುತ್ತಿದ್ದೆ. ಪ್ರೊಫೆಸರ್ ‘ಎ’ ಕೊಟ್ಟರು. ಅಂದವಾದ ಪುಸ್ತಕ ಎಂದರು. ಅವರ ಸೌಜನ್ಯ ನಿಮಗೆ ಸೋಂಕಲಿಲ್ಲ.

ಗಾರ್ಗಿ ನಾವಿರುವ ಊರಾದ ಮಾನ್ಮತ್ ಜಂಕ್ಷನ್‌ನಲ್ಲಿ ನಮ್ಮ ಪಕ್ಕದ ಮನೆಯವರ ಮಗಳು, ಹತ್ತೊಂಬತ್ತು ವರ್ಷ. ಕಾಲೇಜಿಗೆ ನನ್ನ ಕಾರಿನಲ್ಲೇ ಬರುತ್ತಿದ್ದಳು. ಲೋಲಕದ ಪ್ರಯೋಗದ ದಿನ ಎಣಿಸುವುದು ನನ್ನ ಕೆಲಸ, ಸ್ಟಾಪ್‌ವಾಚ್ ಅವಳದು. ಇಪ್ಪತ್ತು ಆಂದೋಲನ ಎಣಿಸಿದೆ. ಒಂಬತ್ತು ಪಾಯಿಂಟ್ ಎಂಟು ಬರಬೇಕಾದ ಗುರುತ್ವ ಹತ್ತು ಪಾಯಿಂಟ್ ಎಂಟು ಆರು ಬಂತು. ಭೂಮಿ ಇದ್ದಕ್ಕಿದ್ದಂತೆ ಭಾರವಾಗಿತ್ತು.

“ಅಂಕಲ್, ಯು ಸ್ಟಾರ್ಟೆಡ್ ಅಟ್ ಒನ್!” ಎಂದು ಅವಳು ಇಡೀ ಲ್ಯಾಬಿಗೆ ಕೇಳುವಂತೆ ನಕ್ಕಳು. “ಬಿಟ್ಟಾಗ ಝೀರೋ ಅನ್ಬೇಕು. ನೀವು ಹತ್ತೊಂಬತ್ತೇ ಎಣಿಸಿದೀರ. ಸಾಫ್ಟ್‌ವೇರ್ ಅಂಕಲ್‌ಗೆ ಝೀರೋ ಗೊತ್ತಿಲ್ವಾ?”

ತನ್ನ ಪುಸ್ತಕದಲ್ಲಿ ಆ ಸಂಖ್ಯೆಯ ಮೇಲೆ ಅವಳು ಒಂದು ಗೆರೆ ಎಳೆದಳು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದಳು: ಅಂಕಲ್ ಒಂದರಿಂದ ಎಣಿಸಿದರು, ಮತ್ತೆ ಮಾಡಿದೆವು. ನನ್ನ ರೆಕಾರ್ಡಿನಲ್ಲಿ ಒಂಬತ್ತು ಪಾಯಿಂಟ್ ಎಂಟು ಮಾತ್ರ ಇದೆ. ಒಂದರಿಂದ ಎಣಿಸಿದ ಮನುಷ್ಯ ಅಲ್ಲಿಲ್ಲ.

ನಿಮ್ಮ ಪತ್ರಗಳು, ನಾವು ಕಳಿಸಿದ್ದ ಪುಸ್ತಕಗಳ ಜೊತೆ, ಇಬ್ಬರಿಗೂ ಒಂದೇ ದಿನ ಬಂದವು. ಅವಳು ಪುಸ್ತಕ ಹಿಡಿದು ಓಡಿಬಂದಳು. ಇಪ್ಪತ್ತಮೂರನೆಯ ಪುಟಕ್ಕೆ ನಿಮ್ಮವರು ಹಳದಿ ಚೀಟಿ ಅಂಟಿಸಿದ್ದರು: ‘ಪ್ರಾಮಾಣಿಕ ದಾಖಲೆ.’ “ನೋಡಿ ಅಂಕಲ್, ನಿಮ್ ಮಿಸ್ಟೇಕೇ ಅವ್ರಿಗೆ ಇಷ್ಟ ಆಗಿದ್ದು!” ಎಂದಳು. ನನ್ನದೇನಾಯಿತೆಂದು ಅವಳಿಗಿನ್ನೂ ತಿಳಿದಿರಲಿಲ್ಲ. ನಾನು ನಕ್ಕೆನೆಂದು ರಮಾಮಣಿ ಹೇಳುತ್ತಾಳೆ. ನನಗೆ ನೆನಪಿಲ್ಲ.

ಮಾನ್ಯರೇ, ನನಗೆ ಹೊಟ್ಟೆಕಿಚ್ಚು. ಅವಳ ವಯಸ್ಸನ್ನು, ಚುರುಕನ್ನು ನಾನು ಹೇಗೋ ಸಹಿಸಿಕೊಂಡಿದ್ದೆ. ಎಡವಿದ ಅಂಕಿಯನ್ನು ಎಲ್ಲರ ಕಣ್ಣಿಗೂ ಬಿಟ್ಟು ಮುಂದಿನ ಸಾಲಿಗೆ ಹೋಗುವ ಆ ಕೈಯನ್ನು ಸಹಿಸಲಾಗುತ್ತಿಲ್ಲ. ಅದನ್ನು ನನಗೆ ಯಾರು, ಯಾವ ವಯಸ್ಸಿನಲ್ಲಿ ಕಲಿಸಬೇಕಿತ್ತು? ನನ್ನ ತಪ್ಪಿಗೆ ಅವಳಿಗೆ ಮೆಚ್ಚುಗೆ, ಅದೇ ತಪ್ಪನ್ನು ತಿದ್ದಿಕೊಂಡಿದ್ದಕ್ಕೆ ನನಗೆ ಅನುಮಾನ: ಇದು ಯಾವ ನಿಯಮದ ಪ್ರಕಾರ?

ಈ ಪತ್ರದ ಕೈಬರಹದ ಪ್ರತಿಯೂ, ಇಂಗ್ಲಿಷ್ ಅನುವಾದದೊಂದಿಗೆ, ನಿಮಗೆ ಅಂಚೆಯಲ್ಲಿ ಬರುತ್ತದೆ. ಅದರಲ್ಲೊಂದು ವಾಕ್ಯವಿದೆ: ‘ಹಾಗಾದರೆ ಗಾರ್ಗಿಯ ಕ್ರೆಡಿಟ್‌ಗಳನ್ನೂ ಮರುಪರಿಶೀಲಿಸಿ.’ ಬರೆದು ನೆಮ್ಮದಿಯಾಗಿ ಮಲಗಿದೆ. ಮಾರನೆಯ ದಿನ, ಅದನ್ನು ಬಿಟ್ಟು ಇಡೀ ಪತ್ರವನ್ನು ಚೊಕ್ಕಟವಾಗಿ ನಕಲು ಮಾಡಲು ಹೊಸ ಹಾಳೆ ತೆಗೆದುಕೊಂಡೆ. ಆಮೇಲೆ ಹಾಳೆಯನ್ನು ವಾಪಸ್ಸಿಟ್ಟೆ. ಆ ವಾಕ್ಯದ ಮೇಲೆ ಒಂದೇ ಗೆರೆ ಎಳೆದಿದ್ದೇನೆ. ಓದಲು ಬರುತ್ತದೆ.

ನನ್ನ ಕೋರಿಕೆ ಇಷ್ಟೆ: ಎರಡೂ ಪುಸ್ತಕಗಳನ್ನು ಮತ್ತೆ ತರಿಸಿಕೊಂಡು, ನನ್ನದನ್ನು ಗಾರ್ಗಿಯ ಇಪ್ಪತ್ತಮೂರನೆಯ ಪುಟದ ಪಕ್ಕದಲ್ಲಿಟ್ಟು ಇನ್ನೊಮ್ಮೆ ನೋಡಿ. ಅಲ್ಲಿ ನಾನಿದ್ದೇನೆ, ಗೆರೆಯ ಕೆಳಗೆ. ನಂಬಿಕೆ ಬಾರದಿದ್ದರೆ ನನ್ನನ್ನು ಕರೆಸಿ, ಒಂದು ದಾರ, ಒಂದು ಗುಂಡು ಕೊಡಿ. ನಿಮ್ಮೆದುರೇ ಎಣಿಸುತ್ತೇನೆ.

ಇಂತಿ,
ಸೊನ್ನೆಯಿಂದ ಶುರುಮಾಡಲು ಸಿದ್ಧನಿರುವ,
ಮೂರನೆಯ ವರ್ಷವಿಲ್ಲದ
ಚೆಲುವರಾಜು