ಸೂರ್ಯನಿಗೆ ಎರಡು ಗುಂಡು

೩-೧೦-೧೯೬೦, ಸೋಮವಾರ. ಮಡಿಕೇರಿ

ಮತ್ತೆ ಅದೇ. ಲ್ಯಾಬಿನ ರೇಡಿಯೋದಲ್ಲಿ ಸಿಲೋನ್ ಹಾಡುತ್ತಿತ್ತು, ತಟಕ್ಕನೆ ಬಾಯಿ ಮುಚ್ಚಿತು. ಅರ್ಧ ಗಂಟೆ ಮೌನವ್ರತ. ಆಮೇಲೆ ಏನೂ ಆಗದ ಹಾಗೆ ಮತ್ತೆ ಹಾಡು. ಸೂರ್ಯ ಸಿಡಿದಿದ್ದಾನೆ — ನನಗೆ ಸಂಶಯವಿಲ್ಲ. ಆ ಸಿಡಿತದ ಎಕ್ಸ್-ರೇ ಮೇಲಿನ ಗಾಳಿಗೆ ಬಡಿದರೆ ಶಾರ್ಟ್‌ವೇವ್ ಅಲ್ಲೇ ಇಂಗಿಹೋಗುತ್ತದೆ. ಇದನ್ನೇ ಹಿಡಿಯಲು ಅಮೆರಿಕದವರು ಜೂನ್‌ನಲ್ಲಿ ಉಪಗ್ರಹ ಹಾರಿಸಿದ್ದಾರೆ. ನನಗಿರುವುದು ಕಾಲೇಜಿನ ಹಳೇ ಸೆಟ್ಟು.

ಪ್ರಿನ್ಸಿಪಾಲ್ ಪೂವಯ್ಯನವರು: "ಹರಿಹರ, ಸೂರ್ಯನಿಗೇನೂ ಆಗಿಲ್ಲ ಮಾರಾಯ. ನಿನ್ನ ಸೆಟ್ಟಿನ ವಾಲ್ವ್ ಹೋಗಿದೆ. ಶನಿವಾರ ಹರಾಜಿಗೆ ಹಾಕ್ತೇನೆ."

ನಮ್ಮಿಬ್ಬರ ತರಂಗಾಂತರ ಬೇರೆ. ಅಂತರಂಗವೂ.

೪-೧೦

ಒಂದು ಸೆಟ್ ಸತ್ತರೆ ವಾಲ್ವು. ಎರಡು ಒಟ್ಟಿಗೆ ಸತ್ತರೆ ಸೂರ್ಯ. ಎರಡನೆಯದು ಗೆಳೆಯ ಮೊಣ್ಣಪ್ಪನ ಹತ್ತಿರ ಇದೆ — ಪೇಟೆಯ ಕೆಳಗೇ ಅವನ ಎಸ್ಟೇಟು. ನಾನು ಸಿಲೋನ್, ಅವನು ಡೆಲ್ಲಿ ಹಿಡಿಯುವುದು. ಸ್ಟೇಷನ್ನೇ ಮಲಗಿತು ಅನ್ನಬಾರದಲ್ಲ. ಫೋನಿಲ್ಲ, ಕೋವಿ ಇದೆ. ಡೆಲ್ಲಿ ನಿಂತರೆ ಒಂದು ಗುಂಡು. ಮಂಗ ಓಡಿಸುತ್ತಿದ್ದಾನೆಂದು ಯಾರೂ ತಿರುಗಿ ನೋಡುವುದಿಲ್ಲ.

"ಗುಂಡು ಹಾರಿಸಬೇಕು ಮೊಣ್ಣಪ್ಪ, ಏರಿಸೋದಲ್ಲ."

"ಏರಿಸದೆ ಕೈ ನಿಲ್ಲೋದು ಹ್ಯಾಗೆ ಮೇಷ್ಟ್ರೇ?"

೬-೧೦

ಎರಡು ದಿನದಿಂದ ಸಿಡಿತವಿಲ್ಲ. ಸೂರ್ಯ ಸಭ್ಯಸ್ಥ. ಹಾಳಾದವನು.

೭-೧೦, ಶುಕ್ರವಾರ, ಸಂಜೆ

ಗೆದ್ದೆ!

ಹನ್ನೊಂದೂ ಚಿಲ್ಲರೆಗೆ ಸಿಲೋನ್ ಗಪ್‌ಚಿಪ್. ಕಿಟಕಿಗೆ ಓಡಿದೆ. ಕೆಳಗಿನಿಂದ — ಢಂ! ಕುಣಿದೆ. ಕುಣಿತ ಮುಗಿಯುವ ಮೊದಲೇ — ಢಂ! ಖುಷಿ ತಡೆಯದೆ ಇನ್ನೊಂದು ಹಾರಿಸಿದ್ದ, ಪುಣ್ಯಾತ್ಮ. ಕೊಡಗಿನಲ್ಲಿ ಬೆನ್ನುಬೆನ್ನಿಗೆ ಎರಡು ಗುಂಡೆಂದರೆ ಆ ಮನೆಯಲ್ಲಿ ಸಾವು.

"ಅಯ್ಯೋ, ಗಂಗಮ್ಮ ಹೋದರು!" ಪ್ರಿನ್ಸಿಪಾಲರು ಜೀಪು ಹತ್ತಿದರು. ಗಂಗಮ್ಮ ಮೊಣ್ಣಪ್ಪನ ತಾಯಿ, ವಯಸ್ಸಾಗಿದೆ, ಅನುಮಾನಕ್ಕೆ ಎಡೆಯೇ ಇಲ್ಲ. ನಾನು ಬಾಯಿ ಬಿಡುವಷ್ಟರಲ್ಲಿ ಜೀಪು ತಿರುವು ದಾಟಿತ್ತು. ಸೆಟ್ ಬಿಟ್ಟು ಹೋಗುವಂತಿಲ್ಲ...

ಮುಂದಿನದು ಮೊಣ್ಣಪ್ಪ ಹೇಳಿದ್ದು. ಅಂಗಳದ ತುಂಬ ಜನ, ಉದ್ದ ಮುಖ. ಜಗಲಿಯಲ್ಲಿ ಗಂಗಮ್ಮ ಎಲೆಅಡಿಕೆ ಮೆಲ್ಲುತ್ತ: "ನಾ ಸತ್ತಿಲೆ. ಬಂದದ್ದ್ ಬಂದಿರಿ, ಕಾಪಿ ಕುಡ್ದ್ ಹೋಗಿ."

"ಮತ್ತೆ ಸತ್ತದ್ದು ಯಾರು?" — ಪೂವಯ್ಯನವರ ಮುಖ ಕೆಂಪು.

ಮೊಣ್ಣಪ್ಪ ರೇಡಿಯೋ ತೋರಿಸಿದ. ಅವರೇ ಅದರ ಕಿವಿ ತಿರುಪಿದರು. ಬರೀ ಸೊಂಯ್. ಗಡಿಯಾರ ಹಿಡಿದು ಕೂತರಂತೆ, ಕಾಪಿ ಆರಿತಂತೆ. ಕೊನೆಗೆ ಡೆಲ್ಲಿ ಬಾವಿಯೊಳಗಿಂದ ಬಂದ ಹಾಗೆ ಮೆಲ್ಲಗೆ ಮೇಲೆ ಬಂತು.

ನೇರ ಲ್ಯಾಬಿಗೆ ಬಂದರು. "ನಿನ್ನದು ಯಾವಾಗ ಬಾಯಿ ಬಿಟ್ಟಿತು?" ಬೋರ್ಡಿನ ಮೇಲೆ ಬರೆದಿಟ್ಟಿದ್ದೆ. ಒಂದೇ ನಿಮಿಷದ ವ್ಯತ್ಯಾಸ. ಅವರ ಗಡಿಯಾರದ ತಪ್ಪೆಂದು ನಾನು, ನನ್ನ ಗಡಿಯಾರದ್ದೆಂದು ಅವರು.

ಹರಾಜು ರದ್ದು.

೧೨-೧೨-೧೯೬೦, ಮಧ್ಯಾಹ್ನ

ಬೆಂಗಳೂರಿನಿಂದ ನನ್ನ ಗುರುಗಳ ತಂತಿ! ಅಕ್ಟೋಬರ್ ಏಳರಂದು ಅದೇ ಹೊತ್ತಿಗೆ ಉಪಗ್ರಹವೂ ಸೂರ್ಯನ ಎಕ್ಸ್-ರೇ ಜಿಗಿದದ್ದನ್ನು ಕಂಡಿದೆಯಂತೆ. ಮೇಲೆ ಅಮೆರಿಕ, ಕೆಳಗೆ ಮಡಿಕೇರಿ, ನಡುವೆ ಒಂದು ಕೋವಿ!

ಪ್ರಿನ್ಸಿಪಾಲರು ಅಸೆಂಬ್ಲಿಯಲ್ಲಿ ಘೋಷಿಸಿದರು: "ನಾವು ಕಂಡುಹಿಡಿದೆವು." ನಾವು! ಇರಲಿ, ಬಹುವಚನದಲ್ಲಿ ನನಗೂ ಒಂದು ಮೂಲೆ ಉಂಟು. ಈಗ ಸೆಟ್ಟಿನ ಮುಂದೆ ಅವರದೇ ಡ್ಯೂಟಿ. ನನಗೆ ಪಕ್ಕದ ಕೋಣೆಗೆ ಗಡೀಪಾರು. ಆಹಾ, ಏನೋ ಕೂಗುತ್ತಿದ್ದಾರೆ —

"ಹರಿಹರಾ, ನಿಂತಿತು! ಓಡಿ ಬಾ ಮಾರಾಯ!"

ಬಂದೆ ಸಾರ್. ಗಂಟೆ ಹನ್ನೆರಡೂ —